ಹಳೆಯ ಚೀಟಿ ಕೀಳಬಾರದು

ಅಂಟಕ್ಕನಿಗೆ ಕೋಪ ಬಂದದ್ದು ಮೊದಲು ತಿಳಿಯುವುದು ಅವಳ ಕುಂಚಕ್ಕೆ. ದಿನವೂ ಅಂಟಿನ ಬಟ್ಟಲಿನ ಅಂಚಿಗೆ ಎರಡು ಸಲ ಒರೆಸಿ ಎತ್ತುವ ಕುಂಚವನ್ನು ಆಗ ಹತ್ತು ಸಲ ಒರೆಸುತ್ತಾಳೆ, ಕೊನೆಗೆ ಅದರಲ್ಲಿ ಅಂಟೇ ಉಳಿದಿರುವುದಿಲ್ಲ. ಆ ಬೆಳಿಗ್ಗೆ ನಿರ್ದೇಶಕರು ಅವಳ ಮೇಜಿನ ಮುಂದೆ ನಿಂತು ಮಾತಾಡಿದಷ್ಟು ಹೊತ್ತೂ ಅವಳು ಕುಂಚ ಒರೆಸುತ್ತಲೇ ಇದ್ದಳು.

"ಸಣ್ಣ ಕೆಲಸ," ಎಂದರು ನಿರ್ದೇಶಕರು. "ನಾನೂರ ಹದಿನೇಳನೇ ಹಾಳೆ ತೆಗೀರಿ. ಅದರ ಹಳೇ ಚೀಟಿ ಮೇಲೆ ಇದನ್ನ ಅಂಟಿಸಿಬಿಡಿ. ನಾಳೆ ಹನ್ನೊಂದಕ್ಕೆ ಸಮಿತಿಯವರು ನೋಡೋಕೆ ಬರ್ತಾರೆ."

"ಪಕ್ಕದಲ್ಲಾ ಸಾರ್?"

"ಮೇಲೆ ಅಂದೆ."

"ಮೇಲೆ ಅಂಟಿಸಿದ್ರೆ ಕೆಳಗಿರೋದು ಕಾಣಲ್ಲ ಸಾರ್."

"ಕಾಣದೇ ಇರ್ಲಿ ಅಂತಾನೇ ಮೇಲೆ ಅನ್ನೋದು. ಇಪ್ಪತ್ತೆರಡು ವರ್ಷದಿಂದ ಅಂಟಿಸ್ತಿದೀರಿ, ಮೇಲೆ ಯಾವುದು ಪಕ್ಕ ಯಾವುದು ಅಂತ ನಾನು ಹೇಳಿಕೊಡ್ಬೇಕಾ?"

ನಿರ್ದೇಶಕರು ಅವಳ ನಗುವಿಗೆಂದು ಸ್ವಲ್ಪ ಜಾಗ ಬಿಟ್ಟರು. ಅವಳು ನಗಲಿಲ್ಲ. ಅವರ ಬೂಟಿನ ಸದ್ದು ಮೆಟ್ಟಿಲು ಇಳಿದ ಮೇಲೆ ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು. ಕೈಬರಹ. 'ಸಂಖ್ಯೆ ೪೧೭. ಈ ಕೊಂಬೆ ಅಭಯಾರಣ್ಯದ ಮೂರನೇ ಗುಡ್ಡದ್ದಲ್ಲ. ತಪ್ಪಲಿನ ನರ್ಸರಿಯಲ್ಲಿ ಬೆಳೆಸಿದ ಮರದ್ದು. ಹಿಂದೆ ತಪ್ಪಾಗಿ ಬರೆಸಿದ್ದೆ. ಕೊಂಬೆ ತಂದವನೇ ತಿದ್ದಿದ್ದು.' ಕೆಳಗೆ ರುಜು. ಪ್ರತಿ ಸಾಲಿನ ಕೊನೆಯ ಅಕ್ಷರಕ್ಕೂ ಕೊಕ್ಕೆಯಂಥ ಬಾಲ.

ಆ ಬಾಲವನ್ನು ಗುರುತಿಸಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. ತಮ್ಮನಿಗೆ ಅಕ್ಷರ ತಿದ್ದಿಸಿದವಳು ಅವಳೇ. ಬಾಲ ಬೇಡವೋ ಎಂದು ಸ್ಲೇಟಿನ ಮೇಲೆ ಅವನ ಬೆರಳಿಗೆ ಹೊಡೆದವಳೂ ಅವಳೇ.

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಕಚೇರಿಗೆಲ್ಲ ಅವಳು ಅಂಟಕ್ಕ. ಅರಣ್ಯ ಇಲಾಖೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಕಬ್ಬಿಣದ ಕಪಾಟುಗಳ ನಡುವೆ ಅವಳ ಮೇಜು. ಕಾಡಿನಿಂದ ಒಣಗಿಸಿ ತಂದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಎಲ್ಲಿಂದ, ಯಾವಾಗ, ಯಾರು ತಂದರು ಎಂಬ ಚೀಟಿಯನ್ನು ಬಲ ಮೂಲೆಗೆ ಹಚ್ಚಿ, ಕಪಾಟಿಗೆ ಸೇರಿಸುವುದು ಕೆಲಸ. ನುಸಿಗುಳಿಗೆಯ ವಾಸನೆ ಅವಳ ಸೀರೆಗೂ ಊಟದ ಡಬ್ಬಿಗೂ ಹತ್ತಿತ್ತು. ಕೆಳಗಿನ ಮಹಡಿಯವರು ಆ ಕೋಣೆಯನ್ನು ಗಿಡಗಳ ಶವಾಗಾರ ಎನ್ನುತ್ತಿದ್ದರು. "ಹೆಣ ಇಟ್ಟಿರೋದೇ ಕೊಲೆ ಯಾವಾಗಾಯ್ತು ಅಂತ ಹೇಳೋಕೆ," ಎಂದು ಅವಳು ಒಮ್ಮೆ ತಿರುಗಿಸಿ ಹೇಳಿದ ಮೇಲೆ ಆ ಜೋಕು ಕಡಿಮೆಯಾಗಿತ್ತು.

ಕೆಲಸ ಕಲಿಸಿದ ಹಳೆಯ ವಿಜ್ಞಾನಿ, ಎಲ್ಲರ ಬಾಯಲ್ಲಿ ಮೇಷ್ಟ್ರು, ತೀರಿಕೊಂಡು ಆರು ವರ್ಷವಾಗಿತ್ತು. ಅವರು ಹೇಳಿಕೊಟ್ಟ ನಿಯಮಗಳಲ್ಲಿ ಒಂದನ್ನು ಅವಳು ಎಂದೂ ಮುರಿದಿರಲಿಲ್ಲ. "ಹಳೇ ಚೀಟಿ ಕೀಳಬಾರದು, ಮುಚ್ಚಬಾರದು. ತಪ್ಪಿದ್ರೆ ಪಕ್ಕದಲ್ಲಿ ಹೊಸದು ಅಂಟಿಸು. ತಪ್ಪು ಮಾಡಿದವನ ಹೆಸರೂ ಇರ್ಲಿ, ತಿದ್ದಿದವನ ಹೆಸರೂ ಇರ್ಲಿ. ಮುಂದೆ ಬರೋರು ಇಬ್ಬರನ್ನೂ ನೋಡಿ ನಗಲಿ." ನೂರು ವರ್ಷದ ಹಾಳೆಗಳಿದ್ದವು, ಒಂದೇ ಎಲೆಯ ಸುತ್ತ ಐದಾರು ಚೀಟಿಗಳು ನೆಂಟರ ಹಾಗೆ ಜಗಳಾಡುತ್ತ ಕುಳಿತಂಥವು. ಒಂದರ ಮೇಲೆ ಒಂದು ಕುಳಿತದ್ದು ಮಾತ್ರ ಇರಲಿಲ್ಲ.

ಈ ಹೊಸ ಚೀಟಿಯ ಹಿಂದೆ ಮೂರು ಗುಡ್ಡಗಳಿದ್ದವು. ಅಭಯಾರಣ್ಯದ ಪೂರ್ವದ ಅಂಚಿನಲ್ಲಿದ್ದ ಆ ಮೂರನ್ನೂ ಗಡಿಯಿಂದ ಹೊರಗೆ ಬಿಟ್ಟು ಕಲ್ಲುಗಣಿಗೆ ಕೊಡಬೇಕೆಂಬ ಮಾತು ಎರಡು ವರ್ಷದಿಂದ ಕಡತದಲ್ಲಿ ಓಡಾಡುತ್ತಿತ್ತು. ಅಡ್ಡ ನಿಂತದ್ದು ಒಂದೇ ಕಾನೂನು: ಬೇರೆಲ್ಲೂ ಇಲ್ಲದ ಜೀವ ಇರುವ ನೆಲವನ್ನು ಹೊರಗೆ ಬಿಡುವಂತಿಲ್ಲ. ಅಂಥ ಜೀವ ಮೂರನೇ ಗುಡ್ಡದಲ್ಲಿ ಒಂದಿತ್ತು, ಒಂದು ಮರ. ಮಂಗಟ್ಟೆ ಹಕ್ಕಿಗಳು ಅದರ ಹಣ್ಣು ತಿನ್ನುತ್ತವೆಂದು ತಮ್ಮ ಹೇಳುತ್ತಿದ್ದ. ಅದಕ್ಕೆ ಊರವರ ಬಾಯಲ್ಲಿ ಹೆಸರಿಲ್ಲ. ಮೇಷ್ಟ್ರು ಇಟ್ಟ ಎರಡು ಪದದ ಹೆಸರನ್ನು ಅಂಟಕ್ಕ ಬರೆಯಬಲ್ಲಳು, ಉಚ್ಚರಿಸಲಾರಳು. ಹೂವಿಲ್ಲದಾಗ ಅದಕ್ಕೂ ಪಕ್ಕದ ಮರಕ್ಕೂ ವ್ಯತ್ಯಾಸ ಹೇಳುವುದು ಮೇಷ್ಟ್ರಿಂದಲೂ ಆಗುತ್ತಿರಲಿಲ್ಲ. ಅದು ಹೂ ಬಿಟ್ಟದ್ದನ್ನು ಮನುಷ್ಯರು ಕಂಡದ್ದು ಒಂದೇ ಸಲ, ಒಂಬತ್ತು ವರ್ಷದ ಹಿಂದೆ. ಹೂವಿನ ಸಮೇತ ಇದ್ದ ಸಾಕ್ಷಿ ಜಗತ್ತಿನಲ್ಲಿ ಒಂದೇ. ನಾನೂರ ಹದಿನೇಳನೇ ಹಾಳೆ.

ಆ ಕೊಂಬೆ ತಂದವನು ತಮ್ಮ. ಕಾವಲುಗಾರರು ಅವನನ್ನು ಅಳಿಲು ಎನ್ನುತ್ತಿದ್ದರು, ಅರವತ್ತು ಅಡಿಯ ಮರವನ್ನು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಹತ್ತುತ್ತಿದ್ದನೆಂದು. ಆ ದಿನ ಹಗ್ಗ ಕೇಳಿದ್ದ. ಹಗ್ಗ ಉಗ್ರಾಣದಲ್ಲಿತ್ತು, ಉಗ್ರಾಣದ ಬೀಗದ ಕೈ ರಜೆಯಲ್ಲಿತ್ತು. "ಅಳಿಲಿಗೆ ಯಾತಕ್ಕೋ ಹಗ್ಗ?" ಎಂದು ಯಾರೋ ಸಾಹೇಬರು ನಕ್ಕರಂತೆ. ಇಳಿಯುವಾಗ ಬಿದ್ದ. ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು. ಹಂಗಾಮಿ ನೌಕರನ ಮೂಳೆ ಇಲಾಖೆಯ ಮೂಳೆಯಲ್ಲವಾದ್ದರಿಂದ ಇಲಾಖೆ ಏನೂ ಕೊಡಲಿಲ್ಲ; ಅಭಯಾರಣ್ಯದ ಗೇಟಿನ ಕೋಲು ಎತ್ತಿ ಇಳಿಸುವ ಕೆಲಸಕ್ಕೆ ಹಾಕಿತು. ಅಲ್ಲಿಯೂ ಅವನನ್ನು ಅಳಿಲು ಎಂದೇ ಕರೆದರು.

ಅಂಟಕ್ಕ ಮೇಜಿನ ಕೆಳಗಿನ ಖಾನೆ ಎಳೆದಳು. ತಳಕ್ಕೆ ಹಾಸಿದ್ದ ಹಳದಿ ಬಣ್ಣಕ್ಕೆ ತಿರುಗಿದ ವೃತ್ತಪತ್ರಿಕೆಯ ಹಾಳೆಯನ್ನು ಮೆಲ್ಲಗೆ ಎತ್ತಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು.

ಸಂಜೆ ಐದೂವರೆಗೆ ಅವಳು ತಮ್ಮನ ಮನೆ ತಲುಪಿದಾಗ ಅವನು ಹೊಸ್ತಿಲ ಮೇಲೆ ಕುಳಿತು ಎಡ ಚಪ್ಪಲಿಯ ಅಟ್ಟೆಗೆ ಹಳೆಯ ಟಯರಿನ ತುಂಡು ಕೂರಿಸಿ ಮೊಳೆ ಹೊಡೆಯುತ್ತಿದ್ದ. ಎರಡು ಬೆರಳಿನಷ್ಟು ದಪ್ಪ. ಆರು ತಿಂಗಳಿಗೊಮ್ಮೆ ಸವೆಯುತ್ತಿತ್ತು.

"ಬಾ ಅಕ್ಕಾ. ಬೈಗುಳ ಗಂಟು ಕಟ್ಟಿಕೊಂಡು ಬಂದಿರೋ ಹಾಗಿದೆ."

"ಗಂಟಲ್ಲ, ಮೂಟೆ."

"ಹಾಗಾದ್ರೆ ಕೂತು ಇಳಿಸು. ನಿಂತು ಇಳಿಸಿದ್ರೆ ಸೊಂಟ ಹಿಡಿಯತ್ತೆ, ವಯಸ್ಸಾಯ್ತು ನಿಂಗೆ."

ಅವಳು ಚೀಟಿಯನ್ನು ಅವನ ಮೊಳೆಗಳ ನಡುವೆ ಎಸೆದಳು. "ಈ ಬಾಲ ಯಾರದು?"

"ಅಕ್ಷರ ಕಲಿಸಿದ್ದು ನೀನೇ ಅಲ್ವಾ."

"ಅಕ್ಷರ ನಂದು. ಬಾಲ ನಿಂದೇ."

ಅವನು ಇನ್ನೊಂದು ಮೊಳೆ ಹೊಡೆದ. ಒಳಗಿನಿಂದ ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು. ಅವಳ ದನಿ ಎತ್ತರದ್ದಲ್ಲ, ಆದರೆ ಆ ಸಂಜೆ ಅಂಟಕ್ಕನಿಗೆ ಅದು ಸುತ್ತಿಗೆಗಿಂತ ಜೋರಾಗಿ ಕೇಳಿತು.

"ಅತ್ತಿಗೆ, ಕಾಯಂ ಮಾಡ್ತೀವಿ ಅಂತ ಸಾಹೇಬ್ರು ಬಾಯಿ ಬಿಟ್ಟು ಹೇಳಿದಾರೆ. ಹದಿನಾಲ್ಕು ವರ್ಷ ಆಯ್ತು ಹಂಗಾಮಿ ಅಂತ. ಕಾಲು ಹೋಯ್ತು. ಇನ್ನೇನು ಹೋಗ್ಬೇಕು ಹೇಳಿ? ನೀವು ನೆರಳಲ್ಲಿ ಕೂತು ಅಂಟಿಸ್ತೀರಿ."

"ನಾನು ಅಂಟಿಸೋದೇ ಇವನು ಬಿದ್ದು ತಂದದ್ದನ್ನ," ಎಂದಳು ಅಂಟಕ್ಕ.

"ಹೌದು," ಎಂದ ತಮ್ಮ, "ಬಿದ್ದು ತಂದೆ. ಆ ಮರ ನನಗೇನು ಕೊಡ್ತು? ನಿಮ್ಮ ಮೇಷ್ಟ್ರಿಗೆ ಪುಸ್ತಕದಲ್ಲಿ ಹೆಸರು ಕೊಡ್ತು. ನನಗೆ ಈ ಟಯರು ಕೊಡ್ತು. ಅಲ್ಲೇ ನಿಂತಿದೆಯಲ್ಲ ಅದು, ಎರಡು ಕಾಲೂ ನೆಟ್ಟಗಿರೋ ಹಾಗೆ."

"ಮರ ನಿನ್ನ ಬೀಳಿಸ್ಲಿಲ್ಲ ಕಣೋ. ಹಗ್ಗ ಕೊಡದೆ ಹತ್ತಿಸಿದವರು ಬೀಳಿಸಿದ್ರು. ಈಗ ಅದೇ ಜನ ಪೆನ್ನು ಕೊಟ್ಟು ರುಜು ಹಾಕಿಸ್ತಿದಾರೆ."

"ಗೊತ್ತು."

"ಗೊತ್ತಿದ್ದೂ ಹಾಕಿದ್ಯಾ?"

"ಗೊತ್ತಿದ್ದೂ ಹಾಕಿದೆ. ಗೊತ್ತಿಲ್ಲದೆ ಹಾಕೋಕೆ ನಾನೇನು ಕೂಸಾ?"

ಅಂಟಕ್ಕ ಚೀಲದಿಂದ ವೃತ್ತಪತ್ರಿಕೆ ತೆಗೆದು ಅವನ ಮೊಣಕಾಲ ಮೇಲೆ ಬಿಡಿಸಿದಳು. ಮರ ಹತ್ತಿದಾಗಲೆಲ್ಲ ಅವನಿಗೊಂದು ಅಭ್ಯಾಸವಿತ್ತು. ಹೂವಿನ ಬಣ್ಣ, ವಾಸನೆ ಕೆಳಗಿಳಿಯುವಷ್ಟರಲ್ಲಿ ಬದಲಾಗುತ್ತವೆಂದು, ಕೊಂಬೆಯ ಕವಲಿನಲ್ಲಿ ಕುಳಿತೇ, ಹಾಳೆಗೆಂದು ಮೇಷ್ಟ್ರು ಮೊದಲೇ ಕೊಟ್ಟ ಸಂಖ್ಯೆಯ ಜೊತೆ, ಜೇಬಿನ ಪೇಪರಿನ ಅಂಚಿಗೆ ಪೆನ್ಸಿಲಿನಲ್ಲಿ ಬರೆದು, ಅದೇ ಪೇಪರಿನಲ್ಲಿ ಹೂ ಸುತ್ತಿ ಅಂಗಿಯೊಳಗೆ ಇಟ್ಟುಕೊಳ್ಳುವುದು. ಚೀಟಿ ಬರೆದಾದ ಮೇಲೆ ಇಂಥ ಪೇಪರನ್ನು ಬಿಸಾಡಬೇಕು, ಅದೂ ನಿಯಮವೇ. ಇದೊಂದನ್ನು ಅವಳು ಬಿಸಾಡಿರಲಿಲ್ಲ.

ಅವನು ತುಟಿ ಅಲ್ಲಾಡಿಸುತ್ತ ಓದಿದ. '೪೧೭. ಮೂರನೇ ಗುಡ್ಡದ ನೆತ್ತಿ. ಇಪ್ಪತ್ತೆರಡನೇ ಗಡಿಕಲ್ಲಿಂದ ಐವತ್ತು ಹೆಜ್ಜೆ ಕಾಡಿನೊಳಗೆ. ಹೂ ಬಿಳಿ, ಒಳಗೆ ಕೆಂಪು. ವಾಸನೆ ಅಕ್ಕ ಕಾಯಿಸುವ ಅಂಟಿನ ಹಾಗೆ. ಇಲ್ಲಿಂದ ಸಮುದ್ರ ಕಾಣುತ್ತದೆ.'

ಪ್ರತಿ ಸಾಲಿಗೂ ಬಾಲ.

"ಇದನ್ನ ಯಾಕೆ ಇಟ್ಕೊಂಡಿದೀಯ?" ಎಂದು ಅವನು ತಲೆಯೆತ್ತದೆ ಕೇಳಿದ.

"ಕೋಪ ಹಳಸಬಾರದು ಅಂತ."

"ಈಗೇನ್ಮಾಡ್ತೀಯ?"

"ನಿನ್ನ ಚೀಟಿ ಅಂಟಿಸ್ತೀನಿ. ಅದು ನನ್ನ ಕೆಲಸ. ಅದರ ಪಕ್ಕದಲ್ಲಿ ಇದನ್ನೂ ಅಂಟಿಸ್ತೀನಿ. ಅದೂ ನನ್ನ ಕೆಲಸ."

"ಅಂದ್ರೆ ಊರೆದುರು ನನ್ನ ಸುಳ್ಳುಗಾರ ಅಂತ ತೋರಿಸ್ತೀಯ."

"ಹೌದು."

"ಒಡಹುಟ್ಟಿದವಳಾ ನೀನು?"

"ಅದಕ್ಕೇ ಹೇಳೋಕೆ ಬಂದೆ. ಬೇರೆಯವಳಾಗಿದ್ರೆ ಹೇಳದೇ ಅಂಟಿಸ್ತಿದ್ದೆ."

ಚಪ್ಪಲಿ ಹಾರಿ ಎದುರಿನ ಗೋಡೆಗೆ ಬಡಿಯಿತು. ಟಯರಿನ ತುಂಡು ಕಳಚಿ ಬೇರೆ ಕಡೆ ಬಿತ್ತು. "ಹೊರಡು," ಎಂದ ಅವನು. "ನಿನ್ನ ಶವಾಗಾರಕ್ಕೇ ಹೋಗು." ಅವಳು ಚೀಟಿ, ಪೇಪರು ಎರಡನ್ನೂ ಆರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಅವಳನ್ನು ಕುಟುಕಿದ್ದು ಅವನ ಮಾತಲ್ಲ, ಅವನ ಹೆಂಡತಿ ಕೇಳಿದ ಪ್ರಶ್ನೆ. ಇನ್ನೇನು ಹೋಗ್ಬೇಕು? ಅದಕ್ಕೆ ಉತ್ತರ ಕೊಡಬೇಕಾದವರು ಯಾರೂ ಆ ಹೊಸ್ತಿಲಲ್ಲಿ ಇರಲಿಲ್ಲ. ಇದ್ದವರು ಮೂರು ಜನ, ಮೂವರೂ ಪರಸ್ಪರ ಹರಿದು ತಿನ್ನುತ್ತಿದ್ದರು.

ಮರುದಿನ ಅವಳು ಒಂದು ಗಂಟೆ ಮೊದಲೇ ಬಂದು ಅಂಟು ಕಾಯಿಸಿದಳು. ಹಾಳೆ ತೆಗೆದಳು. ಹೂವಿನ ಬಿಳುಪು ಕಂದಾಗಿತ್ತು, ಒಳಗಿನ ಕೆಂಪು ಕಪ್ಪಾಗಿತ್ತು. ಎಲೆಯ ನರಗಳು ಮಾತ್ರ ನಿನ್ನೆ ಕೊಯ್ದ ಹಾಗಿದ್ದವು. ಬಲ ಮೂಲೆಯಲ್ಲಿ ಮೇಷ್ಟ್ರು ಬರೆದ ಹಳೆಯ ಚೀಟಿ. ಅದನ್ನು ಅವಳು ಮುಟ್ಟಲಿಲ್ಲ. ಅದರ ಎಡಕ್ಕೆ ತಮ್ಮನ ಹೊಸ ಚೀಟಿ. ಅದರ ಎಡಕ್ಕೆ ವೃತ್ತಪತ್ರಿಕೆಯ ಅಂಚು, ನೇರವಾಗಿ ಕತ್ತರಿಸಿ, ಮಡಿಕೆ ಬಿಡಿಸಿ. ಸೇರಿಸಿದವರು ಹೆಸರು, ತಾರೀಕು ಹಾಕಬೇಕು. ಅಂಟಿಸುವವರ ಹೆಸರಿಗೆ ಹಾಳೆಯಲ್ಲಿ ಜಾಗವಿರುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಹಾಳೆಗಳಲ್ಲಿ ಒಂದರಲ್ಲೂ ಅವಳಿರಲಿಲ್ಲ. ಪೇಪರಿನ ತುಂಡಿನ ಕೆಳಗೆ ಅವಳು ತನ್ನ ಹಾಜರಿ ಪುಸ್ತಕದ ಹೆಸರನ್ನು ಬರೆದಳು.

ಹತ್ತೂವರೆಗೆ ನಿರ್ದೇಶಕರು ಬಂದರು. "ಆಯ್ತಾ? ತೋರ್ಸಿ."

ಹಾಳೆಯ ಮೇಲೆ ಹಲಗೆ, ಹಲಗೆಯ ಮೇಲೆ ಮರಳಿನ ನಾಲ್ಕು ಚೀಲಗಳಿದ್ದವು. "ಒಣಗ್ತಿದೆ ಸಾರ್. ಈಗ ಎತ್ತಿದ್ರೆ ಹೂ ಪುಡಿಯಾಗತ್ತೆ. ಹನ್ನೊಂದಕ್ಕೆ ಸರಿಯಾಗಿ ಆಗತ್ತೆ."

ಮುಂಜಾನೆ ಅಂಟಿಸಿದ್ದು ಆ ಹೊತ್ತಿಗೆ ಒಣಗಿ ಕಟ್ಟಿಗೆಯಾಗಿತ್ತು. ಆದರೆ ಅದು ಗೊತ್ತಾಗಲು ಒಮ್ಮೆಯಾದರೂ ಕುಂಚ ಹಿಡಿದಿರಬೇಕು. ನಿರ್ದೇಶಕರು ಕೈಗಡಿಯಾರ ನೋಡಿಕೊಂಡು, ಮರಳಿನ ಚೀಲವನ್ನು ಬೆರಳಿನಿಂದ ಒತ್ತಿ, ಪೇಟೆಯಲ್ಲಿ ಹಣ್ಣು ಒತ್ತುವವರ ಹಾಗೆ ತಲೆಯಾಡಿಸಿ ಹೋದರು.

ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಬಿಳಿ ತಲೆಯ ಸಣ್ಣ ಹೆಂಗಸು. ಜೊತೆಗೆ ಇಬ್ಬರು ಸದಸ್ಯರು. ನಿರ್ದೇಶಕರು ತಾವೇ ಮರಳಿನ ಚೀಲಗಳನ್ನು ಇಳಿಸಿ ಹಲಗೆ ಎತ್ತಿದರು. ಎತ್ತಿದ ಹಲಗೆ ಕೈಯಲ್ಲೇ ಉಳಿಯಿತು.

ಅಧ್ಯಕ್ಷೆ ಭೂತಗನ್ನಡಿ ಇಟ್ಟು ನೋಡಿದರು. ಮೊದಲು ಬಲಗಡೆಯದು, ಆಮೇಲೆ ನಡುವಿನದು, ಆಮೇಲೆ ಎಡಗಡೆಯದು. ಮತ್ತೆ ನಡುವಿನದು.

"ಇದೇನ್ರೀ? ಇವೆರಡೂ ಒಂದೇ ಕೈ ಬರೆದ ಹಾಗಿದೆ."

"ಅದು ಹಳೇ ಪೇಪರು ಮೇಡಂ, ಕಸ," ಎಂದರು ನಿರ್ದೇಶಕರು. "ಈಯಮ್ಮ ತಿಳೀದೆ ಅಂಟಿಸಿದಾರೆ. ಓದು ಕಡಿಮೆ."

"ಓದು ಕಡಿಮೆ ಆದ್ರೂ ಇದು ಓದೋಕೆ ಬರತ್ತೆ ಸಾರ್," ಎಂದಳು ಅಂಟಕ್ಕ. ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ನೀವೂ ಓದಿ. ಗಡಿಕಲ್ಲಿನ ನಂಬರೂ ಇದೆ."

ಅಧ್ಯಕ್ಷೆ ಗಟ್ಟಿಯಾಗಿ ಓದಿದರು. ಅಂಟಿನ ವಾಸನೆಯ ಮಾತು ಬಂದಾಗ ಸದಸ್ಯರೊಬ್ಬರು ಮೂಗು ಅರಳಿಸಿ ಬಟ್ಟಲಿನತ್ತ ನೋಡಿದರು. "ಈ ಅಕ್ಕ ಯಾರು?"

"ನಾನೇ."

"ಬರೆದವರು ಎಲ್ಲಿ?"

"ಅವನು ಇವತ್ತು ಕೆಲಸಕ್ಕೆ..." ಎಂದು ನಿರ್ದೇಶಕರು ಶುರುಮಾಡಿದರು. ಆಗ ಮೆಟ್ಟಿಲ ಮೇಲೆ ಸದ್ದು ಕೇಳಿತು. ಒಂದು ಹೆಜ್ಜೆ ಹಗುರ, ಒಂದು ಹೆಜ್ಜೆ ಭಾರ. ಅಂಟಕ್ಕ ತಿರುಗಿ ನೋಡಲಿಲ್ಲ. ಟಯರಿನ ತುಂಡು ಮತ್ತೆ ಕೂತಿದೆ ಎಂಬುದು ಸದ್ದಿನಲ್ಲೇ ತಿಳಿಯಿತು.

ತಮ್ಮ ಬಾಗಿಲಲ್ಲಿ ನಿಂತು ಅಕ್ಕನನ್ನು ಬಿಟ್ಟು ಎಲ್ಲರಿಗೂ ನಮಸ್ಕಾರ ಮಾಡಿದ.

"ಎರಡೂ ನನ್ನ ಅಕ್ಷರವೇ ಮೇಡಂ. ಅದು ಮರದ ಮೇಲೆ ಕೂತು ಬರೆದದ್ದು. ಇದು ಸಾಹೇಬ್ರ ಮೇಜಿನ ಮುಂದೆ ನಿಂತು ಬರೆದದ್ದು."

"ಯೋಚಿಸಿ ಮಾತಾಡು," ಎಂದರು ನಿರ್ದೇಶಕರು.

"ಯೋಚಿಸಿ ಬರೆದದ್ದೇ ಇದು ಸಾರ್. ಮೂರು ದಿನ ಯೋಚಿಸಿದೆ. ಮರದ ಮೇಲೆ ಅಷ್ಟು ಪುರುಸೊತ್ತು ಇರಲ್ಲ, ಕಂಡದ್ದು ಬರೆದು ಇಳೀಬೇಕು." ಒಂದು ಕ್ಷಣ ನಿಂತು, "ಇಳಿಯೋಕೂ ಆಗ್ಲಿಲ್ಲ ಬಿಡಿ," ಎಂದ.

ಅಧ್ಯಕ್ಷೆ ಹಾಳೆಯ ಫೋಟೋ ತೆಗೆಸಿದರು.

ಸೋಮವಾರದಿಂದ ಗೇಟಿಗೆ ಬರಬೇಡವೆಂದು ತಮ್ಮನಿಗೆ ಫೋನು ಬಂತು. ಹಂಗಾಮಿಯವನನ್ನು ತೆಗೆಯಲು ಕಾಗದವೂ ಬೇಕಿರಲಿಲ್ಲ. ಅಂಟಕ್ಕನಿಗೆ ಕಾರಣ ಕೇಳಿ ನೋಟೀಸು ಬಂತು. ಅದಕ್ಕೆ ಅವಳು ಮೇಷ್ಟ್ರ ನಿಯಮವನ್ನು ಒಂದೇ ಸಾಲಿನಲ್ಲಿ ಬರೆದು ಕೊಟ್ಟಳು. ಒಂದು ತಿಂಗಳ ಮೇಲೆ ಸಮಿತಿಯ ವರದಿ ಬಂದಾಗ ಕೆಳಗಿನ ಮಹಡಿಯವರು ಮೆಟ್ಟಿಲು ಹತ್ತಿ ಬಂದರು.

"ಗೆದ್ರಿ ಅಂಟಕ್ಕಾ! ಮೂರನೇ ಗುಡ್ಡ ಉಳೀತು."

"ಉಳಿದೆರಡು?"

ಅವಳು ವರದಿ ಕಿತ್ತುಕೊಂಡು ಓದಿದಳು. ಒಂದನೇ ಮತ್ತು ಎರಡನೇ ಗುಡ್ಡಗಳಿಂದ ವಿಶೇಷವಾದ ಯಾವ ಗಿಡವೂ ದಾಖಲಾಗಿಲ್ಲ, ಆದ್ದರಿಂದ ಗಡಿಯಿಂದ ಹೊರಗೆ ಬಿಡಬಹುದು. ಆಕ್ಷೇಪಣೆ ಇದ್ದವರು ಅರವತ್ತು ದಿನದೊಳಗೆ ಸಲ್ಲಿಸತಕ್ಕದ್ದು.

ಆ ಮಧ್ಯಾಹ್ನವೆಲ್ಲ ಅವಳು ಕಪಾಟುಗಳನ್ನು ಹುಡುಕಿದಳು. ಮೂರನೇ ಗುಡ್ಡದ ಹಾಳೆಗಳು ಎಂಬತ್ತಾರಿದ್ದವು. ಒಂದನೆಯದು, ಎರಡನೆಯದು, ಒಂದೂ ಇರಲಿಲ್ಲ. ಅಲ್ಲಿ ಏನೂ ಬೆಳೆಯುವುದಿಲ್ಲವೆಂದಲ್ಲ. ಅಲ್ಲಿಗೆ ಯಾರನ್ನೂ ಕಳಿಸಿರಲಿಲ್ಲ. ಅಲ್ಲಿ ಯಾರೂ ಬಿದ್ದಿರಲಿಲ್ಲ. ಒಂದು ಗುಡ್ಡ ಉಳಿಯಲು ಒಂದು ಕಾಲು ಬೇಕೆಂದಾದರೆ ಇನ್ನೆರಡಕ್ಕೆ ಎಷ್ಟು ಕಾಲು? ಕಪಾಟಿನ ಬಾಗಿಲನ್ನು ಅವಳು ದಡಾರನೆ ಹಾಕಿದ್ದಕ್ಕೆ ಕೆಳಗಿನ ಮಹಡಿಯಲ್ಲಿ ಯಾರೋ ಎದ್ದು ನಿಂತರಂತೆ.

ಭಾನುವಾರ ಬೆಳಿಗ್ಗೆ ಅವಳು ತಮ್ಮನ ಹೊಸ್ತಿಲಿಗೆ ಬಂದಾಗ ಕಂಕುಳಲ್ಲಿ ಗಿಡ ಒತ್ತುವ ಎರಡು ಹಲಗೆ, ತಲೆಯ ಮೇಲೆ ಹಳೆಯ ಪೇಪರಿನ ಕಟ್ಟು, ಹೆಗಲಿಗೆ ಹೊಸ ಹಗ್ಗ. ಕಚೇರಿಯ ಕೋಣೆಯ ಗೋಡೆಯ ಮೇಲಿದ್ದ ಗಿಡ ಸಂಗ್ರಹದ ಪರವಾನಗಿ, ಗಾಜಿನ ಚೌಕಟ್ಟಿನ ಸಮೇತ, ಚೀಲದಲ್ಲಿತ್ತು. ಅದರ ಅವಧಿ ವರ್ಷದ ಕೊನೆಯವರೆಗಿತ್ತು, ಅದನ್ನು ರದ್ದು ಮಾಡಬೇಕೆಂದು ನಿರ್ದೇಶಕರಿಗೆ ಹೊಳೆದಿರಲಿಲ್ಲ.

"ಯಾವ ಮದುವೆಗೆ ಹೊರಟೆ?" ಎಂದ ತಮ್ಮ.

"ಎದ್ದೇಳು. ಅರವತ್ತರಲ್ಲಿ ಆರು ದಿನ ಹೋಯ್ತು."

"ನನ್ನ ಕೈಲಿ ಹತ್ತೋಕಾಗಲ್ಲ. ನೀನು ಸ್ಟೂಲು ಹತ್ತಿದ್ರೇ ತಲೆ ತಿರುಗತ್ತೆ."

"ನೆಲದ ಮೇಲೂ ಗಿಡ ಇರ್ತಾವೆ. ನೀನು ತೋರ್ಸು, ನಾನು ಬಗ್ತೀನಿ. ಹತ್ತಲೇಬೇಕಾದ್ರೆ ಹಗ್ಗ ತಂದಿದೀನಿ."

"ನನ್ನ ಮೇಲಿನ ಕೋಪ ಹೋಯ್ತಾ?"

"ಇಲ್ಲ. ನಿಂದು?"

"ಎಲ್ಲಿ ಹೋಗತ್ತೆ!" ಅವನು ಒಳಗೆ ಹೋಗಿ ಪೆನ್ಸಿಲು ಹುಡುಕಿ ತಂದ. ಅವನ ಹೆಂಡತಿ ಎರಡು ಬಾಟಲಿ ನೀರು ತುಂಬಿ ಹೊಸ್ತಿಲ ಮೇಲೆ ಕುಕ್ಕಿದಳು.

ಅಭಯಾರಣ್ಯದ ಗೇಟಿನಲ್ಲಿ ಹೊಸ ಕಾವಲುಗಾರ. ಅವನು ಪರವಾನಗಿಯ ಗಾಜನ್ನು ತಿರುವಿ ಮುರುವಿ ನೋಡಿ, ಸಾಹೇಬರನ್ನು ಕೇಳಬೇಕು, ಇವತ್ತು ಭಾನುವಾರ, ಎಂದ. ತಮ್ಮ ಅವನ ಪಕ್ಕಕ್ಕೆ ಕುಂಟುತ್ತ ಹೋಗಿ ಕೋಲಿನ ಬುಡದ ಕಲ್ಲಿನ ಮೇಲೆ ಕೈ ಇಟ್ಟ.

"ಇದು ಇಲ್ಲಿ ಸ್ವಲ್ಪ ಸಿಕ್ಕಿಹಾಕ್ಕೊಳತ್ತೆ. ಒಂಬತ್ತು ವರ್ಷ ಎತ್ತಿದೀನಿ. ಹೀಗೆ ಒತ್ತಬೇಕು, ನೋಡ್ಕೋ."

ಕೋಲು ಕಿರ್ರೆಂದು ಮೇಲೆದ್ದಿತು. ಅಂಟಕ್ಕ ಹಲಗೆಗಳನ್ನು ಕಂಕುಳಲ್ಲಿ ಬಿಗಿದುಕೊಂಡು ಅದರ ಕೆಳಗೆ ನಡೆದಳು. ಇಪ್ಪತ್ತು ಹೆಜ್ಜೆಯಾಚೆ, ಒಂದನೇ ಗುಡ್ಡ ಶುರುವಾಗುವಲ್ಲಿ, ದಾರಿಯ ಅಂಚಿನಲ್ಲಿ ಸಣ್ಣ ನೀಲಿ ಹೂವಿನ ಒಂದು ಗಿಡವಿತ್ತು. ಅದನ್ನು ಅವಳು ಯಾವ ಹಾಳೆಯ ಮೇಲೂ ಕಂಡಿರಲಿಲ್ಲ.

"ಬರ್ಕೋ," ಎಂದಳು. "ಒಂದು."